ಕುರ್ಚಿ ಬಿದ್ದಿದೆ, ಅಷ್ಟೇ ಬರಿ

ಕೋಣೆಯಲ್ಲಿ ಒಂದು ಕುರ್ಚಿ ಉರುಳಿ ಬಿದ್ದಿತ್ತು. ಪಕ್ಕದಲ್ಲಿ ಒಂದೇ ಕಾಲಿನ ಚಪ್ಪಲಿ. ನೆಲದ ಮೇಲೆ ಅಂಗೈ ಅಗಲದ ಕೆಂಪು ಕಲೆ. ಕಿಟಕಿಯ ಒಂದು ಗಾಜು ಒಡೆದಿತ್ತು. ಸರ್ ಬಾಗಿಲಲ್ಲೇ ನಿಂತು, "ಇಪ್ಪತ್ತು ನಿಮಿಷ. ಏನ್ ಕಾಣ್ತದ ಅಷ್ಟ ಬರೀರಿ" ಅಂದರು. ನಾನು ಹನ್ನೆರಡೇ ನಿಮಿಷಕ್ಕೆ ಒಂದೂವರೆ ಪುಟ ತುಂಬಿಸಿ ಕೊಟ್ಟೆ. "ಕೊಲೆಗಾರನು ಕಿಟಕಿಯ ಗಾಜು ಒಡೆದು ಒಳಗೆ ಬಂದು..." ಎಂದು ಶುರುವಾಗಿತ್ತು ನನ್ನ ಮೊದಲ ಮಹಜರು, ಅಂದರೆ ಜಾಗದಲ್ಲಿ ಕಂಡದ್ದರ ಲಿಖಿತ ದಾಖಲೆ.

ಹತ್ತಕ್ಕೆ ಸೊನ್ನೆ.

"ಕೊಲೆ ಅಂತ ನಿನಗ್ಯಾರು ಹೇಳಿದ್ರವ್ವಾ? ಕುರ್ಚಿ ಹೇಳ್ತೇನು?" ಎಂದು ಕೇಳಿದರು ಸರ್. ಇಡೀ ಕ್ಲಾಸು ನಕ್ಕಿತು. ಕೆಂಪು ಕಲೆ ಕುಂಕುಮದ ನೀರು. ಗಾಜಿನ ಚೂರುಗಳಲ್ಲಿ ಹೆಚ್ಚಿನವು ಬಿದ್ದಿದ್ದು ಕಿಟಕಿಯ ಹೊರಗೆ, ಒಳಗೆ ಅಲ್ಲ. ಅಂದರೆ ಏಟು ಬಿದ್ದದ್ದು ಒಳಗಿನಿಂದ. ನಾನು ಕಿಟಕಿಯ ಹತ್ತಿರ ಹೋಗಿಯೇ ಇರಲಿಲ್ಲ. "ಕುರ್ಚಿ ಬಿದ್ದದ, ಅಷ್ಟ ಬರಿ. ಎತ್ತ ಮುಖ ಮಾಡಿ ಬಿದ್ದದ ಬರಿ. ಬಾಗಿಲಿಂದ ಎಷ್ಟು ಅಡಿ ದೂರ ಬರಿ. ರಕ್ತ ಅನ್ನಬ್ಯಾಡ, ರಕ್ತದಂತೆ ಕಾಣುವ ಕಲೆ ಅನ್ನು. ರಕ್ತ ಹೌದೋ ಅಲ್ಲೋ ಲ್ಯಾಬಿನವರು ಹೇಳ್ತಾರ."

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಜೊತೆ ಅಪರಾಧಶಾಸ್ತ್ರ ತಗೊಂಡು ಬಿಎ ಮಾಡಿದೆ. 2021ರಲ್ಲಿ ಸೇರಿದ್ದು, 2024ರಲ್ಲಿ ಮುಗಿದದ್ದು. ನಾನಿನ್ನೂ ಪೊಲೀಸ್ ಆಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಇದನ್ನು ಬರೆಯುವುದಕ್ಕೆ ಕಾರಣ ಇದೆ. ಪಿಯುಸಿ ಮುಗಿಸಿದ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ನನ್ನನ್ನು ಹಿಡಿದು, "ಆ ಕೋರ್ಸ್ ತಗೊಂಡ್ರ ಪೊಲೀಸ್ ನೌಕರಿ ಸಿಗ್ತದೇನು?" ಎಂದು ಕೇಳುತ್ತಲೇ ಇರುತ್ತಾರೆ. ಹೌದು, ಅಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ.

ನಮ್ಮೂರು ಸವದತ್ತಿ ತಾಲೂಕಿನಲ್ಲಿ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಒಂದು ಬೋರ್. ನಾನು ಪೊಲೀಸ್ ಆಗುತ್ತೇನೆ, ಅದಕ್ಕೆ ಧಾರವಾಡದಲ್ಲಿ ಒಂದು ಕೋರ್ಸ್ ಇದೆ ಅಂದಾಗ ಅಪ್ಪ ಕೇಳಿದ್ದು ಇಷ್ಟು: "ಪೊಲೀಸ್ ಆಗಾಕ ಕಾಲೇಜ್ ಯಾಕ ಬೇಕವ್ವಾ? ಓಡಾಕ ಬರಬೇಕು, ಬೈಯಾಕ ಬರಬೇಕು. ಅಷ್ಟ ಅಲ್ಲೇನು?" ತಮಾಷೆಗೆ ಅಂದದ್ದಲ್ಲ. ಪೊಲೀಸರನ್ನು ಅಪ್ಪ ನೋಡಿದ್ದೇ ಅಷ್ಟು.

ಕಾನೂನಿನ ಪ್ರಕಾರ ಅಪ್ಪನ ಮಾತು ಅರ್ಧ ಸರಿಯೇ. ನಮ್ಮ ರಾಜ್ಯದಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು. ಪಿಎಸ್ಐ ಆಗಲು ಪದವಿ ಬೇಕು, ಆದರೆ ಯಾವ ಪದವಿಯಾದರೂ ನಡೆಯುತ್ತದೆ. ಅಪರಾಧಶಾಸ್ತ್ರ ಓದಿದವರಿಗೆ ಅಂತ ಬೇರೆ ಅಂಕ ಕೊಡುವುದಿಲ್ಲ. ಬಿಕಾಂ ಮಾಡಿದವಳೂ ನಾನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಇದು ನನಗೆ ಗೊತ್ತಾದದ್ದು ಸೇರಿದ ಮೇಲೆ. ಪ್ರವೇಶದ ದಿನ ಕೌಂಟರಿನಲ್ಲಿ ಕೂತವರು "ಪೊಲೀಸ್ ಲೈನಿಗೆ ಭಾರೀ ಛಲೋ ಕೋರ್ಸ್" ಅಂದಿದ್ದರು. ಸುಮ್ನೆ ನಂಬಿದೆ. ನಂಬಿದ್ದಕ್ಕೆ ಬೇಜಾರಿಲ್ಲ, ಕೇಳದೇ ನಂಬಿದ್ದಕ್ಕೆ ಇದೆ.

ಇನ್ನೊಂದು ವಿಷಯ. ರಾಜ್ಯದ ಪೊಲೀಸ್ ಇಲಾಖೆ ಅಪರಾಧ ನಡೆದ ಜಾಗ ಪರಿಶೀಲಿಸಲು 'ಸೋಕೊ' ಎಂಬ ಹೊಸ ಹುದ್ದೆಗಳನ್ನು ತೆಗೆಯಿತು. ಬೆರಳಚ್ಚು ತೆಗೆಯುವುದು, ಕೂದಲು ಹೆಕ್ಕುವುದು, ಫೋಟೊ ಹಿಡಿಯುವುದು. ನನಗೆ ಹೇಳಿ ಮಾಡಿಸಿದ ಕೆಲಸ ಅಂದುಕೊಂಡೆ. ಅದು ವಿಜ್ಞಾನ ಓದಿದವರಿಗೆ. ನನ್ನದು ಬಿಎ. ಲ್ಯಾಬಿನ ಕೆಲಸ ಇಷ್ಟ ಅನ್ನುವವರು ಪಿಯುಸಿಯಲ್ಲೇ ವಿಜ್ಞಾನ ತಗೊಳ್ಳಿ, ಆಮೇಲೆ ದಾರಿ ತಿರುಗಿಸಲು ಆಗುವುದಿಲ್ಲ. ನಾವು ಎರಡನೇ ವರ್ಷದಲ್ಲಿದ್ದಾಗ, 2023ರ ಜನವರಿಯಲ್ಲಿ, ಗುಜರಾತಿನ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ ಅಡಿಗಲ್ಲು ಹಾಕಿದರು. ಎಲ್ಲರೂ ಒಂದು ವಾರ ಅದನ್ನೇ ಮಾತಾಡಿದೆವು. ನಮ್ಮ ಬ್ಯಾಚಿಗೆ ಅದರಿಂದ ಆದದ್ದೇನಿಲ್ಲ.

ಮೊದಲ ವರ್ಷ ಪೂರ್ತಿ ಸಿದ್ಧಾಂತ. ಜನ ಯಾಕೆ ಅಪರಾಧ ಮಾಡುತ್ತಾರೆ ಅನ್ನುವುದಕ್ಕೆ ಯುರೋಪಿನವರು ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ಇಟಲಿಯ ಲೊಂಬ್ರೊಸೊ ಅನ್ನುವ ವೈದ್ಯ 1876ರಲ್ಲಿ ಒಂದು ಪುಸ್ತಕ ಬರೆದು, ಅಪರಾಧಿಗಳು ಹುಟ್ಟುತ್ತಲೇ ಅಪರಾಧಿಗಳು, ತಲೆಬುರುಡೆ, ದವಡೆ, ಕಿವಿ ನೋಡಿ ಹೇಳಬಹುದು ಅಂದ. ಅದನ್ನು ಓದಿದ ದಿನ ಕ್ಲಾಸಿನಲ್ಲಿ ಒಬ್ಬರ ಕಿವಿ ಒಬ್ಬರು ಅಳೆದು ನಕ್ಕಿದ್ದೇ ನಕ್ಕಿದ್ದು. ಹಿಂದಿನ ಬೆಂಚಿನ ಹುಡುಗನನ್ನು ಮೂರು ವರ್ಷವೂ 'ಲೊಂಬ್ರೊಸೊ' ಎಂದೇ ಕರೆದರು.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮಾತ್ರ ನಗಲಿಲ್ಲ. ಅವಳ ಮನೆ ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲಿ. ನಾನು ಆ ಹೆಸರು ನೂರು ಸಲ ಕೇಳಿದ್ದೆ, ಬಸ್ ಸ್ಟಾಪಿನ ಹೆಸರು ಅನ್ನುವಂತೆ. ಯಾಕೆ ಆ ಹೆಸರು ಅಂತ ಯೋಚಿಸಿರಲಿಲ್ಲ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು ಕೆಲವು ಸಮುದಾಯಗಳನ್ನೇ ಪೂರ್ತಿಯಾಗಿ 'ಅಪರಾಧಿ ಬುಡಕಟ್ಟು' ಅಂತ ಪಟ್ಟಿ ಮಾಡಿದರು. ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಏನೂ ಮಾಡಬೇಕಿಲ್ಲ. ಅವರನ್ನು ಕೂಡಿಹಾಕಲು ಮಾಡಿದ ಜಾಗಗಳೇ ಸೆಟ್ಲ್‌ಮೆಂಟು. ಆ ಕಾಯ್ದೆ ಹೋದದ್ದು 1952ರಲ್ಲಿ. "ನಮ್ಮ ಮುತ್ತಜ್ಜ ದಿನಾ ಹಾಜರಿ ಕೊಡಬೇಕಾಗಿತ್ತಂತ. ಸಾಲಿ ಹುಡುಗರ ಗತೆ. ಬೇರೆ ಊರಿಗೆ ಹೋಗಬೇಕಂದ್ರ ಚೀಟಿ ಬೇಕಂತ" ಎಂದು ಹೇಳಿದಳು. ಕ್ಯಾಂಟೀನಿನಲ್ಲಿ, ಗಿರಮಿಟ್ ತಿನ್ನುತ್ತಾ, ಬಹಳ ಸಾದಾ ಧ್ವನಿಯಲ್ಲಿ.

ಅವಳೂ ಪೊಲೀಸ್ ಆಗಬೇಕು ಅಂತಲೇ ಬಂದವಳು. ಯಾಕೆ ಅಂತ ಒಮ್ಮೆ ಕೇಳಿದೆ. "ಹಾಜರಿ ತಗೊಳ್ಳೋ ಕಡೆ ನಿಂತ್ ನೋಡೋಣಂತ" ಅಂದಳು. ಆಮೇಲೆ ನಾನು ಕೇಳಲಿಲ್ಲ. ನಮ್ಮೂರಲ್ಲಿ ಕುರಿ ಕಳೆದರೆ ಇಂಥ ಓಣಿಯವರೇ ಅಂತ ಈಗಲೂ ಹೇಳುತ್ತಾರೆ. ಅಂಥ ಮಾತಿಗೆ ನಾನೂ ತಲೆ ಆಡಿಸಿದ್ದೇನೆ, ಸಣ್ಣವಳಿದ್ದಾಗ ಮಾತ್ರ ಅಲ್ಲ.

ನನಗೆ ಬಹಳ ಹಿಡಿಸಿದ್ದು ಬೆರಳಚ್ಚಿನ ಪ್ರಾಕ್ಟಿಕಲ್. ಗಾಜಿನ ಹಲಗೆಯ ಮೇಲೆ ಕಪ್ಪು ಮಸಿ ಹಚ್ಚಿ, ರೋಲರಿನಿಂದ ತೆಳ್ಳಗೆ ಹರಡಿ, ಒಬ್ಬರ ಹತ್ತೂ ಬೆರಳನ್ನು ಇನ್ನೊಬ್ಬರು ಉರುಳಿಸಿ ಕಾಗದಕ್ಕೆ ಒತ್ತಬೇಕು. ಉಗುರಿನ ಈ ಅಂಚಿನಿಂದ ಆ ಅಂಚಿಗೆ, ಒಂದೇ ಸಲ. ಮಸಿ ಜಾಸ್ತಿ ಆದರೆ ಮುದ್ದೆ, ಕಮ್ಮಿ ಆದರೆ ಮಾಯ. ಬೆರಳು ಕೊಟ್ಟವರು ತಾವೇ ಸಹಾಯ ಮಾಡಲು ಹೋಗಿ ತಿರುಗಿಸುತ್ತಾರೆ, ಆಗ ಕೆಡುತ್ತದೆ. "ಕೈ ಸಡಲ ಬಿಡ್ರಿ" ಅಂತ ಹೇಳುವುದೇ ಅರ್ಧ ಕೆಲಸ.

ಗೆರೆಗಳು ಮುಖ್ಯವಾಗಿ ಮೂರು ಥರ. ಕುಣಿಕೆ, ಸುಳಿ, ಕಮಾನು. ನೂರು ಬೆರಳು ನೋಡಿದರೆ ಅರವತ್ತೈದರ ಆಸುಪಾಸು ಕುಣಿಕೆ, ಮೂವತ್ತರ ಆಸುಪಾಸು ಸುಳಿ, ಐದೋ ಏನೋ ಕಮಾನು. ಈ ವಿಂಗಡಣೆಯನ್ನು ಪೊಲೀಸರ ಕೆಲಸಕ್ಕೆ ಹೊಂದಿಸಿದ್ದು ನಮ್ಮ ದೇಶದಲ್ಲೇ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೊ ಶುರುವಾಯಿತು. ಲೆಕ್ಕ ಹಾಕಿ ಪದ್ಧತಿ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರರು. ಹೆಸರು ಬಂದದ್ದು ಮಾತ್ರ ಅವರ ಸಾಹೇಬ ಹೆನ್ರಿಗೆ. ಇಡೀ ಜಗತ್ತು ಅದನ್ನು ಇವತ್ತಿಗೂ ಹೆನ್ರಿ ಪದ್ಧತಿ ಅನ್ನುತ್ತದೆ. ಇದನ್ನು ಹೇಳುವಾಗ ನಮ್ಮ ಸರ್ ಮುಖದಲ್ಲಿ ಒಂದು ನಗು ಬಂತು. ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು ಅವರು. ಮೇಲಿನವರ ಹೆಸರಿಗೆ ಹೋದ ಕೆಲಸ ಅವರೂ ಮಾಡಿರಬೇಕು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅಭ್ಯಾಸಕ್ಕೆ ಅಂತ ಅವ್ವನ ಬೆರಳಚ್ಚು ತೆಗೆದೆ. ಸ್ಟಾಂಪ್ ಪ್ಯಾಡಿನ ಮಸಿ, ಬಿಳಿ ಹಾಳೆ. ಬಲಗೈ ಹೆಬ್ಬೆರಳಲ್ಲಿ ಗೆರೆಯೇ ಬರಲಿಲ್ಲ. ಮತ್ತೆ ತೆಗೆದೆ. ಮತ್ತೆ ಬರೀ ಕಪ್ಪು ಗುಂಡಗೆ. ಮೂವತ್ತು ವರ್ಷ ರೊಟ್ಟಿ ತಟ್ಟಿ, ಕಳೆ ಕಿತ್ತು, ಪಾತ್ರೆ ತಿಕ್ಕಿದ ಬೆರಳು ಅದು. ರೇಷನ್ ಅಂಗಡಿಯ ಮಶೀನು ಅವ್ವನ ಹೆಬ್ಬೆಟ್ಟು ತಗೊಳ್ಳದೇ ನಾಲ್ಕು ಸಲ ವಾಪಸ್ ಕಳಿಸಿದ್ದು ನನಗೆ ಗೊತ್ತಿತ್ತು. ಮಶೀನು ಹಾಳಾಗಿದೆ ಅಂದುಕೊಂಡಿದ್ದೆ. ಉಂಗುರ ಬೆರಳಿನದು ಚಂದ ಬಂತು. ಸುಳಿ. "ಮುಂದಿನ ತಿಂಗಳ ಈ ಬೆರಳ ಇಡು" ಎಂದು ತೋರಿಸಿಕೊಟ್ಟೆ. ಆಯಿತು. ಮೂರು ವರ್ಷದ ಫೀಸಿಗೆ ಮನೆಗೆ ಸಿಕ್ಕ ಮೊದಲ ಲಾಭ ಅದು.

ಜೈಲು ಭೇಟಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಗೇಟಿನಲ್ಲಿ ಅರ್ಧ ದಿನ ಕಾದೆವು, ಅಡುಗೆಮನೆ ನೋಡಿ ಬಂದೆವು.

ಸಾಕ್ಷ್ಯ ಕಾಯ್ದೆಯ ಕ್ಲಾಸು ಮಾತ್ರ ಮರೆಯುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ 'ನಾನೇ ಮಾಡಿದೆ' ಅಂದರೂ ಅದು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯ ಆಗುವುದಿಲ್ಲ. 1872ರ ಕಾಯ್ದೆಯಲ್ಲಿ ಅದು 25ನೇ ಸೆಕ್ಷನ್, ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 23. ಇದನ್ನು ಕೇಳಿ 'ಲೊಂಬ್ರೊಸೊ' ಎದ್ದು ನಿಂತ. "ಮತ್ತ ಹೊಡೀತಾರ ಯಾಕ್ರೀ ಸರ್?" ಕ್ಲಾಸು ಗಪ್ಪಾಯಿತು. ಸರ್ ಡಸ್ಟರನ್ನು ಮೇಜಿನ ಮೇಲಿಟ್ಟರು. "ಕೆಲಸ ಬರಂಗಿಲ್ಲ, ಅದಕ್ಕ" ಅಂದರು. ಆಮೇಲೆ ಬೋರ್ಡಿನ ಕಡೆ ತಿರುಗಿ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಒಂದೊಂದಾಗಿ ಬರೆಸಿದರು. ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಆ ದಿನದ ನೋಟ್ಸನ್ನು ನಾನು ಎರಡು ಸಲ ನಕಲು ಮಾಡಿಟ್ಟುಕೊಂಡಿದ್ದೇನೆ.

ಕಡೆಯ ವರ್ಷ ನಮ್ಮ ತಲೆ ಕೆಡಿಸಿದ್ದು ದೆಹಲಿ. ಎರಡೂವರೆ ವರ್ಷ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ, ಉರು ಹೊಡೆದಿದ್ದೆವು. 1860ರ ಕಾಯ್ದೆ, 511 ಸೆಕ್ಷನ್. 2024ರ ಜುಲೈ 1ರಿಂದ ಅದು ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 358 ಸೆಕ್ಷನ್. ಕೊಲೆ 302 ಇದ್ದದ್ದು 103 ಆಯಿತು. ಈಗಿನ 302 ಅಂದರೆ ಧಾರ್ಮಿಕ ಭಾವನೆಗೆ ಬೇಕಂತಲೇ ನೋವು ಮಾಡುವ ಮಾತು. ಸರಗಳ್ಳತನದಂಥ ಕಸಿಯುವ ಅಪರಾಧಕ್ಕೆ ಹೊಸದಾಗಿ 304 ಬಂತು. ಹಿಂದಿನ 304 ಕೊಲೆಯಲ್ಲದ ನರಹತ್ಯೆ. ನನಗೆ ಬಹಳ ಕಾಡಿದ್ದು 173. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಎಫ್ಐಆರ್ ಅಂದರೆ 154, ದೋಷಾರೋಪ ಪಟ್ಟಿ ಅಂದರೆ 173. ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173 ಅಂದರೆ ಎಫ್ಐಆರ್! ತನಿಖೆಯ ಕೊನೆಯ ನಂಬರು ಮೊದಲಿಗೆ ಬಂದು ಕೂತಿದೆ. ಮೋಸಕ್ಕೆ ಈಗ 318. ಆದರೆ ನಮ್ಮೂರ ಜನ ಒಬ್ಬನನ್ನು 'ಫೋರ್ ಟ್ವೆಂಟಿ' ಅನ್ನುವುದು ಬಿಟ್ಟು 'ತ್ರೀ ಏಟೀನ್' ಅನ್ನುವ ದಿನ ಬರುತ್ತದೆ ಅಂತ ನನಗೇನೂ ಅನಿಸುವುದಿಲ್ಲ.

ಹಳೆಯದನ್ನು ಮರೆತುಬಿಡೋಣ ಅಂದರೆ ಅದೂ ಆಗದು. ಜುಲೈ 1ರ ಹಿಂದೆ ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ. ಹಾಗಾಗಿ ಇನ್ನೂ ಎಷ್ಟೋ ವರ್ಷ ಎರಡೂ ಬೇಕು. ನನ್ನ ಹಾಸ್ಟೆಲ್ ಕೋಣೆಯ ಗೋಡೆಗೆ ಎಡಕ್ಕೆ ಹಳೆ ನಂಬರು, ಬಲಕ್ಕೆ ಹೊಸ ನಂಬರು ಬರೆದು ಅಂಟಿಸಿದ್ದೆ. ರೂಮ್‌ಮೇಟ್ ಗಣಿತದವಳು. "ಇದೇನ್ ಬಸ್ ಟೈಮ್ ಟೇಬಲ್ಲಾ?" ಎಂದು ಕೇಳಿದ್ದಳು.

ಇನ್ನು ಮೈದಾನ. ಕಾಲೇಜು ಇದನ್ನು ಕಲಿಸುವುದಿಲ್ಲ. ಅಂದರೆ, ಸಿಲಬಸ್ಸಿನಲ್ಲಿ ಒಂದು ಸಾಲೂ ಇಲ್ಲ. ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಮೊದಲು ನೂರು ಅಂಕದ ಲಿಖಿತ ಪರೀಕ್ಷೆ, ಒಂದೂವರೆ ಗಂಟೆ, ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಅದರಲ್ಲಿ ಮೇಲೆ ಬಂದವರಿಗೆ ದೈಹಿಕ ಪರೀಕ್ಷೆ. ಹುಡುಗರು 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ನಾವು 400 ಮೀಟರ್, ಎರಡು ನಿಮಿಷ. ಉದ್ದ ಜಿಗಿತ ಎರಡೂವರೆ ಮೀಟರ್. ನಾಲ್ಕು ಕೆಜಿ ಗುಂಡನ್ನು 3.75 ಮೀಟರ್ ಎಸೆಯಬೇಕು. ಎತ್ತರ 157 ಸೆಂ.ಮೀ., ತೂಕ 45 ಕೆಜಿ ಇರಬೇಕು.

ಓದುವಾಗ ಸುಲಭ ಅನಿಸುತ್ತದೆ ಅಲ್ವಾ? 400 ಮೀಟರಿಗೆ ಎರಡು ನಿಮಿಷ ನಿಜವಾಗಿಯೂ ಧಾರಾಳ. ಅಭ್ಯಾಸ ಇದ್ದವರು ಅದರಲ್ಲಿ ಬೀಳುವುದು ಕಮ್ಮಿ. ಜಿಗಿತವೂ ಕಷ್ಟ ಅಲ್ಲ, ಗೆರೆ ತುಳಿಯದಿದ್ದರೆ. ಹುಡುಗಿಯರು ಮನೆಗೆ ಬರುವುದು ಗುಂಡಿನಿಂದ. ನನ್ನ ಮೊದಲ ಎಸೆತ 2.60. ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ಹೋದರೆ ಮಂಜಿನಲ್ಲಿ ನೂರಾರು ಜನ ಓಡುತ್ತಿರುತ್ತಾರೆ. ಎಲ್ಲ ಸಪ್ತಾಪುರದ ಕೋಚಿಂಗ್ ಸೆಂಟರಿನವರು, ರೀಡಿಂಗ್ ರೂಮಿನವರು. ರಾಯಚೂರು, ಕೊಪ್ಪಳ, ಬೀದರ್ ಕಡೆಯಿಂದ ಬಂದು ವರ್ಷಗಟ್ಟಲೆ ಇದ್ದವರು. ಅವರ ನಡುವೆ ನಾನು ಕ್ರಿಕೆಟ್ ಚೆಂಡು ಎಸೆದ ಹಾಗೆ ಗುಂಡು ಎಸೆಯುತ್ತಿದ್ದೆ. ನಮ್ಮ ದೈಹಿಕ ಶಿಕ್ಷಣದ ಸರ್ ನೋಡಿ, "ಹಿಂಗ ಮಾಡಿದ್ರ ಭುಜ ಹೋಗ್ತದ, ಗುಂಡ ಹೋಗಂಗಿಲ್ಲ" ಅಂದರು. ಗುಂಡು ಅಂಗೈಯಲ್ಲಿ ಅಲ್ಲ, ಬೆರಳಿನ ಬುಡದಲ್ಲಿ ಕೂರಬೇಕು. ಕುತ್ತಿಗೆಗೆ ತಾಗಿರಬೇಕು. ಎಸೆಯುವುದಲ್ಲ, ದೂಡುವುದು. ಬಲ ಬರುವುದು ಮೊಣಕಾಲಿನಿಂದ, ಸೊಂಟದಿಂದ. ಕೈ ಕೊನೆಗೆ.

ಊರಿಗೆ ಹೋದಾಗ ಗುಂಡು ಎಲ್ಲಿ ತರುವುದು? ಒಳಕಲ್ಲಿನ ಗುಂಡು ಕಣ್ಣಿಗೆ ಬಿತ್ತು. ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ, ನಾಲ್ಕು ಕೆಜಿ ಮುನ್ನೂರು ಗ್ರಾಂ. ಹಿತ್ತಲಿನ ಮೆತ್ತನೆ ಮಣ್ಣಿನಲ್ಲಿ ದಿನಾ ಸಂಜೆ ಮೂವತ್ತು ಸಲ. ಮೂರನೇ ದಿನ ಅವ್ವ ಹುಡುಕಿಕೊಂಡು ಬಂದಳು. "ಚಟ್ನಿ ಏನ್ ನಿನ್ನ ತಲಿ ಮ್ಯಾಲ ಅರೀಲೇನ?" ಕಲ್ಲು ತೊಳೆದು ಕೊಟ್ಟೆ, ಮರುದಿನ ಮತ್ತೆ ತಂದೆ. ಎರಡು ತಿಂಗಳಿಗೆ 3.90 ದಾಟಿದೆ. ನಾಲ್ಕು ಕೆಜಿ ಮುನ್ನೂರಕ್ಕೆ ಕೈ ಪಳಗಿದ್ದಕ್ಕೆ ಮೈದಾನದ ಗುಂಡು ಹಗುರ ಅನಿಸತೊಡಗಿತು.

ಎತ್ತರದ್ದು ಬೇರೆ ಕಥೆ. ಬೆಳಿಗ್ಗೆ ಅಳೆದರೆ 157.6, ಸಂಜೆ ಅಳೆದರೆ 156.8. ಮೊದಲು ಟೇಪ್ ಕೆಟ್ಟಿದೆ ಅಂದುಕೊಂಡೆ. ದಿನವಿಡೀ ನಿಂತು ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆ ಅಮುಕಿ ಎಲ್ಲರೂ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಗಿಡ್ಡ ಆಗುತ್ತೇವಂತೆ. ಆದ್ದರಿಂದ ಗಡಿಯಲ್ಲಿರುವವರು ಅಳತೆಯ ದಿನ ರಾತ್ರಿ ಬಸ್ಸಿನಲ್ಲಿ ಕೂತು ಬರಬೇಡಿ. ಹಿಂದಿನ ದಿನವೇ ಹೋಗಿ ಮಲಗಿ.

ಎನ್‌ಸಿಸಿಯನ್ನೂ ಸೇರಿದ್ದೆ. ಮೂರು ವರ್ಷ, 'ಸಿ' ಸರ್ಟಿಫಿಕೇಟ್. ಹತ್ತು ದಿನದ ಕ್ಯಾಂಪಿನಲ್ಲಿ ಮೊದಲ ಸಲ .22 ರೈಫಲ್ ಹಿಡಿದೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಕುದುರೆ ಎಳೆಯಬೇಕು. ಐದು ಗುಂಡಿನಲ್ಲಿ ಮೂರು ನನ್ನ ಹಾಳೆಗೆ, ಒಂದು ಪಕ್ಕದವಳ ಹಾಳೆಗೆ. ಐದನೆಯದು ಎಲ್ಲಿ ಹೋಯಿತು ದೇವರಿಗೇ ಗೊತ್ತು. ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ 'ಸಿ' ಸರ್ಟಿಫಿಕೇಟಿಗೆ ಒಟ್ಟು ಅಂಕದ ಶೇ. 5ರಷ್ಟು ಬೋನಸ್ ಇದೆ. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಾನೂ ಬರೆದೆ. ಕಟ್ ಆಫ್ ದಾಟಲಿಲ್ಲ. ಗಣಿತ. ಅಪರಾಧಶಾಸ್ತ್ರ ಓದುವ ಮೂರು ವರ್ಷ ಗಣಿತ ಮುಟ್ಟಿರಲಿಲ್ಲ. ನೀವು ಹಾಗೆ ಮಾಡಬೇಡಿ. ಈಗ ರಾಜ್ಯದ ನೇಮಕಾತಿಗೆ ಕಾಯುತ್ತಿದ್ದೇನೆ, ಅದೇ ಮೈದಾನದಲ್ಲಿ, ಅದೇ ಮಂಜಿನಲ್ಲಿ. ಗೆಳತಿಯೂ ಜೊತೆಗಿದ್ದಾಳೆ. ಅವಳ ಗುಂಡು ಈಗ ನಾಲ್ಕೂವರೆ ಮೀಟರ್ ಹೋಗುತ್ತದೆ.

ಕೋರ್ಸ್ ಮುಗಿದು ಮನೆಯಲ್ಲಿದ್ದೆ. 2024ರ ನವೆಂಬರ್. ಒಂದು ಬೆಳಿಗ್ಗೆ ಅಪ್ಪ ಹೊಲದಿಂದ ಓಡಿ ಬಂದರು. ಬೋರಿನ ಕೇಬಲ್ ಕದ್ದಿದ್ದಾರೆ. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನವರೆಗೆ, ಅರವತ್ತು ಮೀಟರ್ ತಾಮ್ರದ ತಂತಿ. ಜೋಳಕ್ಕೆ ನೀರು ಬಿಡುವ ಹೊತ್ತು. ಅಪ್ಪ ನೇರವಾಗಿ ಒಂದು ಹೆಸರು ಹೇಳಿದರು. ಪಕ್ಕದ ಹೊಲದ ಕಾಕಾ. ಬದುವಿನ ವಿಷಯಕ್ಕೆ ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ.

"ಅವನ ಮಾಡ್ಯಾನ ಅಂತ ಬರಿ" ಅಂದರು ಅಪ್ಪ, ನಾನು ದೂರು ಬರೆಯಲು ಕೂತಾಗ.

"ನೀ ನೋಡೀಯೇನಪ್ಪಾ?"

"ಮತ್ಯಾರು ಮಾಡ್ತಾರ?"

"ನೋಡಿದ್ದನ್ನಷ್ಟ ಹೇಳು."

ಅಪ್ಪನಿಗೆ ಸಿಟ್ಟು ಬಂತು. ಸಂಶಯ ಇದ್ದರೆ ಸಂಶಯ ಅಂತ ದೂರಿನಲ್ಲಿ ಬರೆಯಬಹುದು, ಅದು ನನಗೂ ಗೊತ್ತು. ಆದರೆ ಅಪ್ಪ ಕೇಳಿದ್ದು ಸಂಶಯ ಅಂತಲ್ಲ, ಮಾಡಿದ್ದಾನೆ ಅಂತ. ಮತ್ತೆ ನನ್ನ ಕಣ್ಣ ಮುಂದೆ ಆ ಬಿದ್ದ ಕುರ್ಚಿ ಬಂತು. ಕೊನೆಗೆ ನಾನು ಬರೆದದ್ದು ಹೀಗೆ: ನಿನ್ನೆ ಸಂಜೆ ಆರು ಗಂಟೆಗೆ ಮೋಟರ್ ಬಂದ್ ಮಾಡಿ ಮನೆಗೆ ಬಂದಾಗ ಕೇಬಲ್ ಇತ್ತು. ಇವತ್ತು ಬೆಳಿಗ್ಗೆ ಆರೂಕಾಲಿಗೆ ಹೋದಾಗ ಇರಲಿಲ್ಲ. ಸ್ಟಾರ್ಟರಿನ ಹತ್ತಿರ ಹರಿತವಾದ ವಸ್ತುವಿನಿಂದ ಕತ್ತರಿಸಿದಂತೆ ಕಾಣುವ ತುದಿ ಉಳಿದಿದೆ. ಯಾರು ಅಂತ ಗೊತ್ತಿಲ್ಲ.

ಠಾಣೆಗೆ ಹೋದಾಗ ನನ್ನ ಕೈ ನಡುಗುತ್ತಿತ್ತು. ಅಪ್ಪನ ಕೈಯಲ್ಲ, ನನ್ನದು. ಮೂರು ವರ್ಷ ಪೊಲೀಸರ ಬಗ್ಗೆ ಓದಿದ್ದೆ, ಠಾಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೇಜಿನ ಹಿಂದೆ ಇದ್ದವರು ಕಾಗದ ಓದದೆಯೇ, "ಹಳೇ ಕೇಬಲ್ಲು. ಐದ ಸಾವಿರನೂ ಬಾಳೂದಿಲ್ಲ. ಅರ್ಜಿ ಇಟ್ಟು ಹೋಗ್ರಿ, ನೋಡೂಣಂತ" ಅಂದರು.

ಐದು ಸಾವಿರ ಅನ್ನುವುದು ಬಾಯಿಗೆ ಬಂದ ಲೆಕ್ಕ ಅಲ್ಲ. ಹೊಸ ಕಾನೂನಿನಲ್ಲಿ ಕಳುವಾದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ ಇದ್ದರೆ ಅದು ಪೊಲೀಸರು ತಾವಾಗಿಯೇ ತನಿಖೆ ಮಾಡುವ ಪ್ರಕರಣ ಅಲ್ಲ. ಕಳವಿನ ಹಳೆಯ ಸೆಕ್ಷನ್ 379ರಲ್ಲಿ ಈ ಗಡಿ ಇರಲಿಲ್ಲ. ನಾನು ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ, ಬಲಗಡೆ, 303 ಅಂತ ಬರೆದು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 5,000 ಅಂತ ಗುರುತು ಹಾಕಿದ್ದೆ. ಚೀಲದಿಂದ ಬಿಲ್ ತೆಗೆದೆ. ಹಿಂದಿನ ವರ್ಷದ್ದು, 11,800 ರೂಪಾಯಿ. "ಸರ್, ಬಿಲ್ ಐತ್ರಿ" ಅಂದೆ. ಅಷ್ಟೇ ಅಂದದ್ದು. ಸೆಕ್ಷನ್ ಹೇಳಲಿಲ್ಲ, ತೀರ್ಪು ಹೇಳಲಿಲ್ಲ. ಧೈರ್ಯ ಇರಲಿಲ್ಲ.

ಅವರು ಬಿಲ್ ನೋಡಿದರು. ಆಮೇಲೆ ದೂರಿನ ಕಾಗದ ಎತ್ತಿಕೊಂಡು ಓದಿದರು, ಈ ಸಲ ಪೂರ್ತಿ. ಒಳಗೆ ಕೂತಿದ್ದ ರೈಟರ್‌ಗೆ ಕೊಟ್ಟರು. ರೈಟರ್ ಓದಿ, ಕನ್ನಡಕ ಮೇಲೆ ಮಾಡಿ, "ಯಾರ ಬರದದ್ದಿದು? ವಕೀಲರೇನು?" ಎಂದು ಕೇಳಿದರು.

"ನನ್ನ ಮಗಳ್ರೀ" ಅಂದರು ಅಪ್ಪ. "ಪೊಲೀಸ್ ಕಾಲೇಜ್ ಓದ್ಯಾಳ."

ಪೊಲೀಸ್ ಕಾಲೇಜ್ ಅಲ್ಲ ಅಪ್ಪಾ ಅಂತ ತಿದ್ದಲಿಲ್ಲ. ಎಫ್ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಕೊಟ್ಟರು. ಕೇಬಲ್ ಇವತ್ತಿಗೂ ಸಿಕ್ಕಿಲ್ಲ.

ಮಾರನೇ ದಿನ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಹೊಲಕ್ಕೆ ಬಂದರು, ಸ್ಥಳ ಮಹಜರಿಗೆ. ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಬೇಕು ಅಂದರು. ಆ ಹೊತ್ತಿಗೆ ಹೊಲದಲ್ಲಿ ಸಿಕ್ಕವರು ಇಬ್ಬರೇ. ಒಬ್ಬ ಕುರಿ ಕಾಯುವ ಹುಡುಗ, ವಯಸ್ಸು ಹದಿನಾಲ್ಕು, ಆಗುವುದಿಲ್ಲ. ಇನ್ನೊಬ್ಬರು ಪಕ್ಕದ ಹೊಲದ ಕಾಕಾ. ಬದುವಿನ ಆಚೆ ನಿಂತು ನೋಡುತ್ತಿದ್ದರು. ಹೆಡ್ ಕಾನ್‌ಸ್ಟೆಬಲ್ ಕೈ ಮಾಡಿ ಕರೆದರು. ಬಂದರು. ಎರಡನೆಯವರಾಗಿ ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನ ಡ್ರೈವರನ್ನು ಇಳಿಸಿದರು.

ಮಹಜರಿನಲ್ಲಿ ಮೊದಲು ಜಾಗದ ಚಕ್ಕುಬಂದಿ ಬರೆಯಬೇಕು. ಅದನ್ನು ಕ್ಲಾಸಿನಲ್ಲಿ ಎಷ್ಟು ಸಲ ತಪ್ಪು ಬರೆದಿದ್ದೆನೋ ಲೆಕ್ಕ ಇಲ್ಲ. ನನಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಅಪ್ಪ ಮಾತ್ರ ಕೈ ಕಟ್ಟಿ ನಿಂತು, ಮಗ್ಗಿ ಹೇಳಿದ ಹಾಗೆ ಶುರು ಮಾಡಿದರು. ಪೂರ್ವಕ್ಕೆ, ಅಂದವರು ಸ್ವಲ್ಪ ತಡೆದು, ಆರು ವರ್ಷದ ನಂತರ ಕಾಕಾನ ಹೆಸರನ್ನು ಅವರ ಮುಂದೆಯೇ ಹೇಳಿದರು. ಪಶ್ಚಿಮಕ್ಕೆ ಸರಕಾರಿ ಗೋಮಾಳ. ದಕ್ಷಿಣಕ್ಕೆ ಡಾಂಬರ್ ರಸ್ತೆ. ಉತ್ತರಕ್ಕೆ ಹಳ್ಳ.

"ಉತ್ತರಕ್ಕ ಹಳ್ಳ ಅಲ್ರೀ, ಬಂಡಿ ದಾರಿ" ಅಂದರು ಕಾಕಾ. "ದಾರಿ ಆದಮ್ಯಾಲ ಹಳ್ಳ."

"ದಾರಿ ಈಗ ಎಲ್ಲೈತಿ? ನೀನ ಬಿತ್ತಿ ಮುಚ್ಚೀಯಲ್ಲ" ಅಂದರು ಅಪ್ಪ.

ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದರು. ನಾನು ಉತ್ತರಕ್ಕೆ ಏನಿದೆ ನೋಡಿ ಬರಲು ಹೊರಟೆ.